ವಿಮಾನ ಮಾಡಿದವನ ತಂಗಿ

ಯಾರದು ಓದುತ್ತಿರುವುದು? ಅನ್ವಿತಾ, ಅಜ್ಜಿಯ ಪೆಟ್ಟಿಗೆಯ ಸೀರೆಗಳ ಮಡಿಕೆಯೊಳಗೆ ಕೈ ಹಾಕಲು ನಾಚಿಕೆಯಾಗುವುದಿಲ್ಲವೇ? ನಿನಗೆ ಕನ್ನಡ ಕಲಿಸಿದ್ದೇ ತಪ್ಪಾಯಿತು. ಇದು ಅಮೆರಿಕದಲ್ಲಿರುವ ನನ್ನ ತಂಗಿ ರಾಜೀವಿಗೆ ಬರೆದ ಕಾಗದ, ಅಂಚೆಗೆ ಹಾಕುವುದಲ್ಲ.

ರಾಜೀವಿ, ನಿನ್ನ ಡೇಟನ್ ಊರಿನ ಕಥೆ ಇವತ್ತು ಈ ಗಲ್ಫ್ ದೇಶದ ಬುಸೈತೀನಿನಲ್ಲಿರುವ ನಮ್ಮ ಅಡುಗೆಮನೆಗೆ ಬಂತು. ಒಂದು ಊರಿನ ದೊಡ್ಡ ಮನುಷ್ಯರ ಬಗ್ಗೆ ಮೊಮ್ಮಗಳು ಶಾಲೆಯಲ್ಲಿ ಮಾತಾಡಬೇಕಂತೆ. ನಾನು ಪತ್ರೊಡೆಗೆ ಎಲೆ ಸುತ್ತುತ್ತಾ ಕೇಳಿದೆ. ಅಲ್ಲಿ ಸೈಕಲ್ ಅಂಗಡಿಯ ಅಣ್ಣತಮ್ಮಂದಿರು ವಿಮಾನ ಮಾಡಿದರಂತೆ. ಅವರ ಮನೆ ನೋಡಿಕೊಂಡದ್ದು ತಂಗಿ. ಅವಳು ಐವತ್ತು ದಾಟಿ ಮದುವೆಯಾದಳೆಂದು ಆರ್ವಿಲ್ ಎಂಬ ಅಣ್ಣ ಮಾತೇ ಬಿಟ್ಟನಂತೆ. ಕೊನೆಗೆ ಅವಳು ಸಾಯುವ ಹೊತ್ತಿಗಷ್ಟೇ ನೋಡಲು ಹೋದನಂತೆ.

"ಆಕಾಶಕ್ಕೆ ಹಾರಿದವನಿಗೆ ತಂಗಿ ಮನೆಗೆ ಹೋಗ್ಲಿಕ್ಕೆ ದಾರಿ ಸಿಗ್ಲಿಲ್ವಾ? ಮಂಡೆ ಸಮ ಇಲ್ಲ ಅವನಿಗೆ!" ಎಂದೆ.

"ಮತ್ತೆ ನೀವು ಯಾಕೆ ರಾಜೀವಿ ಅಜ್ಜಿ ಹತ್ರ ಮಾತಾಡೋದಿಲ್ಲ?"

"ಅದು ಬೇರೆ. ಅವಳು ನಮ್ಮದೇ ಬರಿಯವನನ್ನು ಕಟ್ಕೊಂಡದ್ದು. ಬರಿ ಅಂದ್ರೆ ಗೋತ್ರದ ಹಾಗೆ, ಒಂದೇ ಬರಿಯವರು ಅಣ್ಣ ತಂಗಿ ಲೆಕ್ಕ."

"ಓಕೆ ಅಜ್ಜಿ" ಎಂದು ಹುಡುಗಿ ಎಲೆಗೆ ಹಿಟ್ಟು ಹಚ್ಚಿದಳು. ನನಗೆ ಸಿಟ್ಟು ಬಂತು.

ಉಣ್ಣುವಾಗ ಮಗ, "ಇವತ್ತು ಬೆಲ್ಲ ಜಾಸ್ತಿಯಾಯ್ತಲ್ಲ ಅಮ್ಮ?" ಎಂದ. ರಾಜೀವಿ, ನಿನಗೆ ಇಷ್ಟವಾಗುವಷ್ಟು ಹಾಕಿದ್ದೆ, ಕೈ ತಾನಾಗಿ ಹಾಕಿತು. ಅಷ್ಟರಲ್ಲಿ ಮಾಳಿಗೆಯ ಮೇಲೆ ಒಂದು ವಿಮಾನ ಹೋಯಿತು. ಇಲ್ಲಿ ದಿನವಿಡೀ ಹೋಗುತ್ತಿರುತ್ತವೆ.

ಅನ್ವಿತಾ, ಇಲ್ಲಿಯವರೆಗೂ ಓದಿದ್ದೀ ಎಂದು ನನಗೆ ಗೊತ್ತು. ನೀನು ಫೋನಿನಲ್ಲಿ ಇದರ ಫೋಟೊ ತೆಗೆದರೆ ನಾನು ನೋಡಿದವಳಲ್ಲ.

ರಾಜೀವಿ, ಈ ತಿಂಗಳು ಮುಗಿಯುವ ಮೊದಲು ಉತ್ತರ ಬರೆ.