ಮಿಂಚುರಾಯನ ಎರಡು ವಿಶೇಷಾಂಕ

ನವೆಂಬರ್ 4, ಸೋಮವಾರ
ದೊಡ್ಡೇರಿಯವರ ರವಿಕೆಗಳಿಗೆ ಹುಕ್ ಹಾಕಿ ಮುಗಿಸಿದೆ. ಕಣ್ಣು ಉರಿ.

ಮಧ್ಯಾಹ್ನ ತುಮಕೂರಿನಿಂದ ಕೊರಿಯರ್. ಅಕ್ಕನ ಮೊಮ್ಮಗಳು ಸಹನಾ ಕಳಿಸಿದ್ದು. ಮಿಂಚುರಾಯನ ಹೊಸ ವಿಶೇಷಾಂಕ. ನಿಂತೇ ಹೋಗಿದ್ದ ಕಾಮಿಕ್ಸು ಮತ್ತೆ ಶುರುವಾಗಿದೆ — ಕಥೆ ಬರೆದದ್ದು ನಮ್ಮ ಹುಡುಗಿ. ಒಳಪುಟದಲ್ಲಿ ಹೆಸರು. ಬೆರಳಾಡಿಸಿ ನೋಡಿದೆ.

ಸಂಜೆ ಫೋನ್ ಮಾಡಿದಳು. "ತಾತ, ನಿಮ್ಮ ಹಳೇದು ಪಕ್ಕದಲ್ಲಿ ಇಟ್ಕೊಂಡು ಓದಿ. ನೀವು ಒಪ್ಪಿದ್ರೆ ಮುಂದಿನ ಸಂಚಿಕೆಗೂ ಕೈ ಹಾಕ್ತೀನಿ."

ಟ್ರಂಕಿನಿಂದ 1978ರದನ್ನು ತೆಗೆದಿಟ್ಟಿದ್ದೇನೆ.

ನವೆಂಬರ್ 5, ಮಂಗಳವಾರ
ಹಳೆಯದು ಬೋಂಡ ಕಟ್ಟುವಂಥ ಕಾಗದ, ಬಣ್ಣ ಗೆರೆ ದಾಟಿ ಹರಿದಿದೆ. ಹೊಸದು ಕನ್ನಡಿಯಂತೆ ನುಣುಪು. ಆಗ ಮಿಂಚುರಾಯ ನಮ್ಮ ಗರಡಿ ಹುಡುಗನ ಹಾಗಿದ್ದ. ಈಗ ಮೈಯೆಲ್ಲ ಗಂಟುಗಂಟು, ಜಿಮ್ಮಿನವನು. ಹೆಗಲಿನ ಕೆಂಪು ಶಾಲಿಗೆ ಆಗ ಮಡಿಚಿ ಹೊಲಿದ ಅಂಚು ಕಾಣುತ್ತಿತ್ತು. ಈಗಿನದಕ್ಕೆ ಅಂಚೇ ಇಲ್ಲ. ಇರಲಿ. ಮಾತುಗಳು ಚುರುಕಾಗಿವೆ. ಎರಡು ಕಡೆ ನಕ್ಕೆ.

ಆದರೆ ಲೋಹಿತಾ ಬದುಕಿದ್ದಾಳೆ. ದೊಡ್ಡವಳಾಗಿ, ಮಿಂಚುರಾಯನ ಜೊತೆ ಹಾರುತ್ತಾಳೆ.

ಅದು ಹೇಗೆ? ಹಳೆಯದರ ಕೊನೇ ಪುಟದಲ್ಲಿ ಆ ಪುಟ್ಟ ಹುಡುಗಿ ಹೊಳೆಯಲ್ಲಿ ಸತ್ತಳು. ಶಂಕರಲಿಂಗಪ್ಪನವರ ಟೈಲರ್ ಅಂಗಡಿಯಲ್ಲಿ ಬಟ್ಟೆ ಸುತ್ತುವ ನ್ಯೂಸ್‌ಪೇಪರ್ ನೋಡಿ ನೋಡಿ ಓದು ಕಲಿತವನು ನಾನು. ಪೂರ್ತಿ ಓದಿದ ಮೊದಲ ಪುಸ್ತಕ ಇದೇ. ಅಕ್ಕನಿಗೆ ಅಕ್ಷರ ಬಾರದು, ಅವಳಿಗೆ ಓದಿ ಹೇಳಿದೆ. ಅತ್ತಳು. ಮರುವರ್ಷ ಹೆಣ್ಣುಮಗು ಹುಟ್ಟಿದಾಗ ಲೋಹಿತಾ ಎಂದೇ ಹೆಸರಿಟ್ಟಳು. ಆ ಮಗುವೇ ಈ ಸಹನಾಳ ತಾಯಿ.

ಹೊಸದರ ಮೊದಲ ಪುಟದಲ್ಲಿ ಆ ಕೊನೇ ಪುಟದ ನಾಲ್ಕು ಚಿತ್ರಗಳನ್ನು ಒಂದೇ ಸಾಲಿನಲ್ಲಿ ಹಾಕಿದ್ದಾರೆ. ಮಿಂಚುರಾಯ ನೀರಿಗೆ ಹಾರುತ್ತಾನೆ. ಹುಡುಗಿಯ ಕೈ ಮುಳುಗುತ್ತದೆ. ಎತ್ತಿಕೊಂಡು ದಡಕ್ಕೆ ಬರುತ್ತಾನೆ. ಶಾಂತವಾದ ಹೊಳೆ. ಹಳೆಯದರಲ್ಲಿ ಹಾಗಿಲ್ಲ. ದಡಕ್ಕೆ ತಂದ ಮೇಲೆ ಮತ್ತೆ ಜಾರುತ್ತಾಳೆ, ಆಮೇಲೆ ಕೈ ಮುಳುಗುತ್ತದೆ.

ಫೋನ್ ಮಾಡಿದೆ. "ಸತ್ತೋಳನ್ನ ಎಬ್ಸಿ ವ್ಯಾಪಾರ ಮಾಡಕ್ಕೆ ಚಿತ್ರ ಅದಲುಬದಲು ಮಾಡಿದೀರ" ಅಂದೆ.

"ನಾವೇನೂ ಬದಲಾಯಿಸಿಲ್ಲ ತಾತ."

"ಅಂಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

ಫೋನ್ ಇಟ್ಟುಬಿಟ್ಟಳು.

ನವೆಂಬರ್ 6, ಬುಧವಾರ
ಕೊರಟಗೆರೆಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಅಲ್ಲೇ ಮೊಮ್ಮಗಳಿಗೆ ಫೋನ್ ಹಚ್ಚಿಸಿದಳು. "ನಿಮ್ಮವ್ವಂಗೆ ಆ ಹೆಸ್ರು ಯಾಕಿಟ್ಟೆ ಗೊತ್ತೇನಮ್ಮಿ? ಆ ಸತ್ತ ಮಗು ನಮ್ಮನೇಲಾದ್ರೂ ಬಾಳ್ಲಿ ಅಂತ. ನೀನು ಅದನ್ನೇ ಆಟ ಮಾಡ್ಕಂಡ್ಯಲ್ಲ."

ಸ್ವಲ್ಪ ಹೆಚ್ಚಾಯಿತು. ಸುಮ್ಮನಿರು ಎನ್ನಲಿಲ್ಲ ನಾನು.

ನವೆಂಬರ್ 17, ಭಾನುವಾರ
ಸಹನಾಳ ತಾಯಿ ಲೋಹಿತಾ ಫೋನ್ ಮಾಡಿದ್ದಳು. "ಮಾವ, ಸಹನಾ ಇನ್ನು ಬರಿಯಲ್ವಂತೆ. ಶುಕ್ರವಾರ ಆಫೀಸಿಗೆ ಹೇಳ್ಬುಡ್ತಾಳಂತೆ, ಬೇರೆಯೋರಿಗೆ ಕೊಡಿ ಅಂತ. ಮಾತಾಡ್ಸಿದ್ರೆ ಎದ್ದೋಗ್ತಾಳೆ. ನೀವು ಇನ್ನೊಂದು ಸಲ ಆ ಪುಸ್ತಕ ನೋಡಿ ಮಾವ."

ನೋಡುವುದೇನಿದೆ. ಪುಟ ಬಾಯಿಪಾಠವೇ ಆಗಿದೆ. ಆದರೂ... ಇಷ್ಟು ದಿನ ಒಂದು ಫೋನಿಲ್ಲ ಆ ಹುಡುಗಿಯದು.

ನವೆಂಬರ್ 18, ಸೋಮವಾರ. ಬೆಳಿಗ್ಗೆ
ನನ್ನದೇ ಸರಿ ಎಂದು ತೋರಿಸಲಿಕ್ಕೇ ಬಿಚ್ಚಿದೆ. ಕಣ್ಣು ಶಾಲಿನ ಮೇಲೆ ಹೋಯಿತು, ಕಸುಬಿನವನ ಕಣ್ಣು.

ದಡಕ್ಕೆ ತರುವ ಚಿತ್ರದಲ್ಲಿ ಶಾಲು ಹರಿದು ಎರಡಾಗಿದೆ. ಅರ್ಧ ಹುಡುಗಿಗೆ ಸುತ್ತಿದ್ದಾನೆ, ಅರ್ಧ ಅವನ ಹೆಗಲಲ್ಲಿ. ಕೈ ಮುಳುಗುವ ಚಿತ್ರದಲ್ಲಿ ಅವನ ಹೆಗಲ ಶಾಲು ಇಡಿಯಾಗಿದೆ. ಅಂಚು ಸಮೇತ.

ಹರಿದದ್ದು ಹೊಳೆಯ ನಡುವೆ ಯಾರು ಹೊಲಿದುಕೊಟ್ಟರು?

ಕೈ ಮುಳುಗಿದ್ದು ಮೊದಲು. ಎತ್ತಿ ತಂದದ್ದು ಆಮೇಲೆ.

ಬೇರೆಲ್ಲ ಪುಟಗಳಲ್ಲಿ ಒಂದರ ಕೆಳಗೊಂದು ಉದ್ದನೆಯ ಚಿತ್ರ. ಈ ಒಂದೇ ಪುಟದಲ್ಲಿ ನಾಲ್ಕು ಚೌಕ, ನಟ್ಟನಡುವೆ ಮೇಲಿಂದ ಕೆಳಗೆ ದಪ್ಪ ಗೆರೆ. ಅಕ್ಷರ ಒಂದೂ ಇಲ್ಲ. ನಾನು ನ್ಯೂಸ್‌ಪೇಪರ್ ಕಾಲಮ್ಮಿನ ಹಾಗೆ ಎಡಗಡೆಯ ಎರಡನ್ನು ಮೇಲಿಂದ ಕೆಳಗೆ ನೋಡಿ, ಆಮೇಲೆ ಬಲಗಡೆಗೆ ಹೋಗಿದ್ದೆ. ಓದು ಅಂದರೆ ಹಾಗೆ ಅಂತಲೇ ಕಲಿತಿದ್ದೆ. ನೋಡಬೇಕಿದ್ದದ್ದು ಅಡ್ಡಸಾಲಿನಲ್ಲಿ.

ಆ ಹುಡುಗಿ ಸತ್ತೇ ಇರಲಿಲ್ಲ.

ಸೂಜಿ ದಾರ ಬದಿಗಿಟ್ಟೆ. ಸಹನಾಗೆ ಫೋನ್ ಮಾಡಬೇಕು.

ಅದೇ ದಿನ, ಹನ್ನೊಂದು ಗಂಟೆ
ಸಹನಾ ಮೊದಲು ಫೋನ್ ಎತ್ತಲಿಲ್ಲ. ಮತ್ತೆ ಮಾಡಿದೆ.

"ನೀನೇ ಸರಿ ಕಣಮ್ಮ. ನಾನು ಓದಿದ್ದೇ ಉಲ್ಟಾ." ಶಾಲು, ಗೆರೆ, ಕಾಲಮ್ಮು, ಎಲ್ಲ ಹೇಳಿದೆ.

ಮೂಗು ಸೀಟಿದ ಸದ್ದು. "ಅಜ್ಜಿಗೆ ಯಾರು ಹೇಳ್ತಾರೆ?"

"ನಾನೇ. ನೀನು ಪಕ್ಕದಲ್ಲಿರು."

"ಬರಿಯೋದು ಮಾತ್ರ ಕೇಳ್ಬೇಡಿ ತಾತ. ಮನಸ್ಸಿಲ್ಲ."

ನವೆಂಬರ್ 21, ಗುರುವಾರ. ಕೊರಟಗೆರೆ, ಸಂಜೆ
ಹೇಳಿದೆ. ಅಕ್ಕ ನಂಬಲಿಲ್ಲ. ಸಹನಾ ಅಜ್ಜಿಯ ಬೆರಳು ಹಿಡಿದು ಒಂದೊಂದೇ ಚಿತ್ರದ ಮೇಲೆ ಸರಿಸಿದಳು. ಹಾರಿದ. ಮುಳುಗಿತು. ಎತ್ತಿದ. ಅಕ್ಕನ ಬೆರಳು ಮೂರನೆಯದರ ಮೇಲೆ ನಿಂತುಬಿಟ್ಟಿತು.

"ಲೇ ಪರ್ವತ." ನನ್ನನ್ನು ನೋಡಿದಳು. "ಎರಡು ದಿನ ಉಣ್ಣದೆ ಅತ್ತಿದ್ನಲ್ಲೋ. ನಿಮ್ಮ ಭಾವ ಪೇಪರ್ ಗೊಂಬೆಗೆ ಸೂತಕ ಹಿಡಿದವ್ಳೆ ಅಂತ ಊರೆಲ್ಲ ಸಾರ್ಕಂಡು ಬಂದ್ರು."

"ತಪ್ಪಾಯ್ತಕ್ಕ."

"ಥೂ, ನಿನ್ನ ಓದಿಗಿಷ್ಟು." ನಕ್ಕಳು. ಕಣ್ಣೊರೆಸಿಕೊಂಡಳು. ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. "ಅವತ್ತು ಬಾಯಿಗೆ ಬಂದಂಗೆ ಅಂದ್ಬುಟ್ಟೆ. ಮನ್ಸಿಗೆ ಹಚ್ಕಬ್ಯಾಡ. ಅದ್ಸರಿ, ಬದುಕಿದ್ಲು ಅನ್ನು. ಇಷ್ಟು ವರ್ಷ ಎಲ್ಲಿದ್ಲು ಅವ್ಳು?"

"ಗೊತ್ತಿಲ್ಲ ಅಜ್ಜಿ. ಯಾರೂ ಬರೆದಿಲ್ಲ."

"ನೀನು ಬರಿ. ನೆಂದಿರೋ ಮಗೀನ ದಡದಾಗೇ ಬುಟ್ಬುಟ್ರೆ ಆಯ್ತಾ? ಯಾರಾದ್ರೂ ಮನೆಗೆ ಕರ್ಕಂಡೋಗಿ ಒಂದು ತುತ್ತು ಹಾಕಿರ್ಬೇಕಲ್ಲ. ಯಾರು ಹಾಕಿದ್ರು?"

ಸಹನಾ ಬ್ಯಾಗಿನಲ್ಲಿ ಪೆನ್ನು ಹುಡುಕಿದಳು.

ನಾನು ಜಗುಲಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಒಳಗೆ ಇಬ್ಬರ ಜಗಳ ಕೇಳುತ್ತಿದೆ. ಹುಡುಗಿಯನ್ನು ದೂರದ ತಿರುಮಣಿ ಊರಿಗೆ ಕಳಿಸೋಣ ಎಂದು ಸಹನಾ. "ಅಲ್ಲಿ ಬಿಸ್ಲು ಬುಟ್ರೆ ಏನೈತಮ್ಮಿ, ಇಲ್ಲೇ ಇಟ್ಕ" ಎಂದು ಅಕ್ಕ. ಈಗ ನನ್ನನ್ನೇ ಕೂಗುತ್ತಿದ್ದಾಳೆ, ಆ ಮಗುವಿಗೆ ಆಗ ಎಷ್ಟು ವಯಸ್ಸು, ಒಬ್ಬಳೇ ಮಲಗಲು ಹೆದರುತ್ತಿದ್ದಳೋ ಏನೋ, ಬಂದು ಹೇಳು ಎಂದು—