ರಾಮಗಿರಿಯಲ್ಲಿ ಸೆರಗು ಸರಿಸಿದ್ದು

ಪ್ಲವಂಗ ಸಂವತ್ಸರ, ಮಾಘ ಮಾಸ, ಸೋಮವಾರ. ರಾಮಗಿರಿ ಮುಸಾಫರಖಾನೆ.

ಈ ಮೈಸೂರು ಸೀಮೆಗೆ ಬಂದಾಗಿನಿಂದ ಮುಖಕ್ಕೆ ಸೆರಗು ಎಳೆದುಕೊಂಡೇ ಇದ್ದೇನೆ. ಧಾರವಾಡದಲ್ಲಿ ನನ್ನ ಸಿಡುಬಿನ ಕಲೆಗಳು ಎಲ್ಲರಿಗೂ ರೂಢಿಯಾಗಿದ್ದವು. ಇಲ್ಲಿ ಊರಿಗೊಂದು ಹೊಸ ನೋಟ. ನಮ್ಮ ಯಜಮಾನರು, ಇವರು, ಮಕ್ಕಳಿಗೆ ಸಿಡುಬು ಬಾರದಂತೆ ದೇವಿ ಹಾಕಲು ಊರೂರು ತಿರುಗುತ್ತಾರೆ, ನಾನು ಗಾಡಿಯಲ್ಲೇ ಕೂತಿರುತ್ತೇನೆ.

ಇವತ್ತು ಮೊದಲು ಒಂದು ಬಾಗಿಲೂ ತೆರೆಯಲಿಲ್ಲ. ಬೋರಕ್ಕನೆಂಬ ಹೆಂಗಸು ಒಳಗಿನಿಂದಲೇ, "ಮಾರಮ್ಮ ಮುನಿಸ್ಕಂತಾಳೆ, ಹೋಗ್ರಿ. ಮಗೀಗೆ ಚುಚ್ಚಾಕೆ ನಾನು ಬಿಡಲ್ಲ" ಎಂದಳು. ಇವರು ಬಿಸಿಲಲ್ಲಿ ಸುಮ್ಮನೆ ನಿಂತದ್ದನ್ನು ನೋಡಲಾಗಲಿಲ್ಲ. ಇಳಿದು ಹೋಗಿ ಕಿಟಕಿಯೆದುರು ಸೆರಗು ಸರಿಸಿದೆ.

"ನನ್ನ ಮುಖ ನೋಡವಾ. ನನಗ ದೇವಿ ಹಾಕಿಸಿರಲಿಲ್ಲ. ನನ್ನ ತಮ್ಮ ಅದರಾಗ ಹೋದ, ನಾ ಹಿಂಗ ಉಳಿದೆ."

ಆಮೇಲೆ ಅಗುಳಿ ಸರಿದ ಸದ್ದಾಯಿತು.

"ನಿಮ್ಮ ಮಾತು ಅರ್ಧ ತಿಳೀಲಿಲ್ಲ ಕಣಮ್ಮ," ಎನ್ನುತ್ತ ಬೋರಕ್ಕ ಮಗುವನ್ನು ನನ್ನ ಕೈಗೆ ಕೊಟ್ಟಳು. "ನೀವೇ ಹಿಡ್ಕಳ್ರಿ. ನಂಗೆ ನೋಡಾಕಾಗಲ್ಲ."

ಮಗು ಜೋರಾಗಿ ಅತ್ತಿತು. ಅಳು ನಿಂತ ಮೇಲೆ ನನ್ನ ಕೆನ್ನೆಯ ಕುಳಿಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿತು. ಸಂಜೆಯೊಳಗೆ ಆ ಬೀದಿಯ ತಾಯಂದಿರೆಲ್ಲ ಮಕ್ಕಳನ್ನು ಎತ್ತಿಕೊಂಡು ಬಂದರು.

ಊಟದ ಹೊತ್ತಿಗೆ ಇವರು, "ನಾಳೆ ಹೊಸದುರ್ಗದ ಕಡೆ ಹಾಲುರಾಮೇಶ್ವರಕ್ಕ ಹೋಗೂದದ. ದಣಿದಿದ್ರ ನೀ ಇಲ್ಲೇ ಇರು" ಎಂದರು.

"ಇಲ್ಲ, ನಾನೂ ಬರತೀನಿ" ಎಂದೆ. ಇವರು ನಕ್ಕು ಇನ್ನೊಂದು ರೊಟ್ಟಿ ಕೇಳಿದರು.

ಆ ಪುಟ್ಟ ಬೆರಳು ಇನ್ನೂ ಕೆನ್ನೆಯ ಮೇಲೇ ಇದ್ದ ಹಾಗಿದೆ. ಹೊರಗಿನವರು ಯಾರೂ ಈ ಮುಖವನ್ನು ಹಾಗೆ ಅಂಜದೆ ಮುಟ್ಟಿರಲಿಲ್ಲ. ನಾಳೆ ಹಾಲುರಾಮೇಶ್ವರದ ಹೆಂಗಸರಿಗೆ ಏನು ಹೇಳಲಿ? ಮೊದಲು ಅವರ ಮಾತು ಸ್ವಲ್ಪ ಕಲಿಯಬೇಕು.