ಫಕ್ರುಸಾಬರು ಮಾರದೆ ಇಟ್ಟುಕೊಂಡ ಕ್ಯಾಮೆರಾ

ನರಗುಂದ
೧೪ ಸೆಪ್ಟೆಂಬರ್ ೨೦೨೫, ರವಿವಾರ

ಪ್ರೀತಿಯ ತಂಗಿ ಮಹೇಶ್ವರಿಗೆ,

ನಿನ್ನ ಅಣ್ಣ ಗುರುಪಾದನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಆರಾಮ. ನೀವಿಬ್ಬರೂ ಹುನಗುಂದದಲ್ಲಿ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಈ ತಿಂಗಳು ಮೂರು ಸಲ ನೀನು ಫೋನ್ ಮಾಡಿದಾಗಲೂ "ಗಿರಾಕಿ ಅದಾರವಾ, ಆಮ್ಯಾಲೆ ಮಾತಾಡತೇನಿ" ಎಂದು ಇಟ್ಟುಬಿಟ್ಟೆ. ಅಂಗಡಿಯಲ್ಲಿ ಆಗ ಒಬ್ಬ ಗಿರಾಕಿಯೂ ಇರಲಿಲ್ಲ. ನಿನ್ನ ಧ್ವನಿ ಕೇಳಿದರೆ ಹೇಳಬೇಕಾದದ್ದನ್ನು ಬಿಟ್ಟು ಮಳೆಯ ಮಾತು ಆಡಿ ಮುಗಿಸುತ್ತೇನೆಂದು ನನಗೆ ಗೊತ್ತು. ಅದಕ್ಕೇ ಕಾಗದ. ಬರೆಯುವ ರೂಢಿ ತಪ್ಪಿದೆ, ಅಕ್ಷರ ಸೊಟ್ಟಗಿವೆ. ಹೊಂದಿಸಿಕೊಂಡು ಓದು.

ಅವ್ವನ ಮೊಣಕಾಲು ಪರವಾಗಿಲ್ಲ. ರೋಣದ ಡಾಕ್ಟರು ಕೊಟ್ಟ ಗುಳಿಗೆ ಡಬ್ಬಿಯಲ್ಲೇ ಇವೆ. "ಮಹೇಶವ್ವ ಕಳಿಸಿದ ಎಣ್ಣಿನ ಚಲೋ" ಎನ್ನುತ್ತ ದಿನಾ ಅದನ್ನೇ ತಿಕ್ಕಿಸಿಕೊಳ್ಳುತ್ತಾಳೆ. ನಿನ್ನ ವೈನಿ ಶೇಂಗಾ ಹೋಳಿಗೆ ಮಾಡಿ ಕಟ್ಟಿಟ್ಟಿದ್ದಾಳೆ, ಹುನಗುಂದಕ್ಕೆ ಹೋಗುವವರು ಸಿಕ್ಕರೆ ಕಳಿಸುತ್ತಾಳಂತೆ. ಹೆಸರುಕಾಯಿ ಬಿಡಿಸುವ ಹೊತ್ತಿಗೇ ಮಳೆ ಹಿಡಿದು ಊರ ಸುತ್ತ ಕಾಳೆಲ್ಲ ಕಪ್ಪಾಯಿತು. ನಮ್ಮ ಅಂಗಡಿಯಲ್ಲೂ ಪೈಪಿನ ವ್ಯಾಪಾರ ತಣ್ಣಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಸಿದ್ದಾರೂಢ ಅವರು ನನಗೊಂದು ಗುಟ್ಟು ಒಪ್ಪಿಸಿದ್ದರು, ಅದನ್ನು ಒಡೆಯುತ್ತಿದ್ದೇನೆ. ನಿನ್ನ ಗಂಡನಿಗೆ ನನ್ನ ಪರವಾಗಿ ನೀನೇ ಸಮಾಧಾನ ಹೇಳು. ನಿನಗೆ ತಿಳಿಸದೆ ಒಂದು ಕ್ಯಾಮೆರಾ ಕೊಡಿಸಬೇಕೆಂದು ಅವರ ಆಸೆ. ನೀನು ಶಾಲೆಯ ಮಕ್ಕಳ ಫೋಟೋ ಮೊಬೈಲಿನಲ್ಲಿ ತೆಗೆದು, ಆಮೇಲೆ ಅದನ್ನು ದೊಡ್ಡದು ಮಾಡಿ ನೋಡುತ್ತ, "ದೂರಂದು ಬರೂದಿಲ್ಲ ಇದರಾಗ" ಎಂದು ಒಬ್ಬಳೇ ಗೊಣಗುತ್ತೀಯಂತೆ. ಹೊಸ ಕ್ಯಾಮೆರಾ ಕೈಗೆ ಎಟುಕುವುದಿಲ್ಲ. ಗಜೇಂದ್ರಗಡದ ಒಂದು ಸ್ಟುಡಿಯೋದವರು ಹಳೆಯ ಡಿಎಸ್‌ಎಲ್‌ಆರ್ ಮಾರುತ್ತೇವೆಂದು ಮೊಬೈಲಿನಲ್ಲಿ ಹಾಕಿದ್ದನ್ನು ಅವರು ನೋಡಿದ್ದಾರೆ.

"ಅಣ್ಣಾರ, ನನಗೇನ ತಿಳೀತೈತಿ? ನೀವ ಹೋಗಿ ನೋಡ್ರಿ" ಎಂದರು. "ಹಿಂದಕ ನೀವು ನೋಡಿದ್ದಕ್ಕ ಮೋಸ ತಪ್ಪಿತಂತ ಆಕಿ ಇವತ್ತಿಗೂ ಹೇಳತಾಳ. ನಮ್ಮಣ್ಣ ಬ್ಯಾಡ ಅನ್ನದಿದ್ರ ನನ್ನ ರೊಕ್ಕ ನೀರಾಗ ಹೋಗತಿತ್ತು ಅಂತಾಳ."

ಆ ಮಾತು ಕೇಳಿ ಇಪ್ಪತ್ತು ದಿನವಾಯಿತು. ಎರಡೇ ದಿನದಲ್ಲಿ ತಿಳಿಸುತ್ತೇನೆಂದು ಹೇಳಿದವನು ಹೋಗಲು ಹದಿನೈದು ದಿನ ಮಾಡಿದೆ. ಕಳೆದ ಮಂಗಳವಾರ ಅಂಗಡಿಯನ್ನು ನಿನ್ನ ವೈನಿಗೆ ಒಪ್ಪಿಸಿ, ರೋಣದಲ್ಲಿ ಬಸ್ಸು ಬದಲಿಸಿ ಗಜೇಂದ್ರಗಡಕ್ಕೆ ಹೋದೆ. ಅದೇ ಸ್ಟುಡಿಯೋ, ಮಹೇಶ್ವರಿ. ಕೋಟೆಯ ಗುಡ್ಡದ ಕೆಳಗಿನ ಓಣಿ, ಫಕ್ರುಸಾಬರದು. ಆರು ವರ್ಷದ ಹಿಂದೆ ನಿನಗಾಗಿ ನಾನು ಹೋಗಿದ್ದು ಅಲ್ಲಿಗೇ.

ಆ ವರ್ಷದ್ದು ನಿನಗೆ ನನಗಿಂತ ಚೆನ್ನಾಗಿ ನೆನಪಿರಬೇಕು. ಮಲಪ್ರಭೆ ಉಕ್ಕಿ ಮೆಣಸಗಿಗೆ ನೀರು ನುಗ್ಗಿದಾಗ ಗೆಳತಿ ಉಮಾಶ್ರೀಯ ಕ್ಯಾಮೆರಾ ಕಡ ತಂದು, ನೀರು ಇಳಿದ ಮರುದಿನವೇ ಹೋಗಿದ್ದೆ. ಒಬ್ಬ ಮುದುಕಿ ತೊಯ್ದ ಜೋಳವನ್ನು ರಸ್ತೆಯ ಮೇಲೆ ಹರವಿ, ಒಂದು ಹಿಡಿ ಎತ್ತಿ ಮೂಸಿ ನೋಡುತ್ತಿದ್ದಳು. ಆ ಫೋಟೋ ನಿನ್ನ ಹೆಸರಿನೊಂದಿಗೆ ಗದಗಿನ ಪತ್ರಿಕೆಯಲ್ಲಿ ಬಂತು. ಸ್ವಂತ ಕ್ಯಾಮೆರಾ ಇದ್ದರೆ ರೋಣ, ನರಗುಂದದ ಕಡೆಯ ಕೆಲಸ ಕೊಡುತ್ತೇವೆಂದು ಅವರು ಹೇಳಿದರು. ನಿನ್ನದೇ ಟ್ಯೂಷನ್ ದುಡ್ಡು ಕೂಡಿಟ್ಟಿದ್ದೆ. ಪರೀಕ್ಷೆಗಳಿದ್ದವೆಂದು ನೋಡಿ ಬರಲು ನನ್ನನ್ನು ಕಳಿಸಿದೆ.

ಸಂಜೆ ಬಂದು ನಾನು ಏನು ಹೇಳಿದೆ? "ಲೆನ್ಸಿನೊಳಗ ಫಂಗಸ್ ಕುಂತೈತಿ, ಬೂಷ್ಟಿನಂಗ ಹರಡತೈತಿ. ಆರು ತಿಂಗಳೂ ಬಾಳೂದಿಲ್ಲ." ನೀನು "ಪಾಪ, ನನ್ನ ಸಲುವಾಗಿ ಒಂದ ದಿನ ಅಂಗಡಿ ಮುಚ್ಚಿದಿ ಅಣ್ಣಾ. ಕೈಕಾಲು ತೊಳಕೋ, ಚಾ ಮಾಡತೇನಿ" ಎಂದೆ. ಪತ್ರಿಕೆಯ ಕೆಲಸ ಬೇರೆಯವರಿಗೆ ಹೋಯಿತು. ಆ ದುಡ್ಡು ನಿನ್ನ ಬಿ.ಎಡ್.ಗೆ ಹೋಯಿತು.

ಮೊನ್ನೆ ಫಕ್ರುಸಾಬರು ಕನ್ನಡಕ ಏರಿಸಿ ನನ್ನ ಮುಖ ನೋಡಿದವರೇ ಗುರುತು ಹಿಡಿದರು.

"ನೀವು ನರಗುಂದದ ಪೈಪಿನ ಅಂಗಡಿಯವರಲ್ಲೇನ್ರಿ? ತಂಗಿಗೆ ಅಂತ ಬಂದಿದ್ರಿ. ಬರ್ರಿ, ಕುಂದರ್ರಿ."

ಕಪಾಟಿನಿಂದ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟರು. ಅದರ ಬಲಗಡೆಯ ಅಂಚಿನಲ್ಲಿ ಒಂದು ಚಕ್ಕೆ ಎದ್ದಿತ್ತು. ಅದನ್ನು ನಾನು ಮೊದಲೇ ನೋಡಿದ್ದೆ.

"ಇದು..." ಎಂದೆ.

"ಹೌದ್ರಿ, ಅದ ಇದು. ನೀವು ಒಲ್ಲೆ ಅಂದ ಮ್ಯಾಲೆ ಮಾರೂದ ಬಿಟ್ಟೆ. ಕೈಗೆ ಹೊಂದಿದ್ದು, ನಾನ ಇಟ್ಟಕೊಂಡೆ. ಸೂಡಿ, ಶಿರೋಳ, ಎಲ್ಲೆಲ್ಲಿ ಮದುವಿ ಆದ್ವೋ ಅಲ್ಲೆಲ್ಲಾ ಇದನ್ನ ಹೊತಗೊಂಡು ಹೋಗೇನಿ. ಒಂದ ದಿನಾನೂ ದಗಾ ಕೊಟ್ಟಿಲ್ಲ. ಈಗ ಮಗ ಆಶಿಕ ಹೊಸಾದು ತಂದಾನ, ಅದಕ್ಕ ಇದು ಖಾಲಿ ಕುಂತೈತಿ."

ಅವರೇ ಮುಂದುವರಿಸಿದರು. "ಆ ಜ್ವಾಳದ ಮುದುಕಿ ಫೋಟೋ ನಾ ಪೇಪರಿನಾಗ ನೋಡಿದ್ದೆ. ಮೂವತ್ತು ವರ್ಷ ಈ ಕೆಲಸ ಮಾಡೇನಿ, ಹಂತಾದ್ದು ಒಂದೂ ನನಗ ಸಿಕ್ಕಿಲ್ಲ. ಆಕೀಗೇ ಅಂತನ ಆವತ್ತ ರೇಟು ಇಳಿಸಿದ್ದೆ. ಈಗ ಯಾವ ಕ್ಯಾಮೆರಾ ಇಟ್ಟಾಳ್ರಿ?"

"ಇಲ್ರಿ, ಸಾಲಿ ಟೀಚರ್ ಅದಾಳ" ಎಂದೆ.

ಅವರು ಕ್ಯಾಮೆರಾದ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. "ಅದೂ ಚಲೋ ಕೆಲಸಾನರಿ" ಎಂದು ಮೆಲ್ಲಗೆ ಹೇಳಿದರು.

ಆಮೇಲೆ ಕೇಳುವ ಮೊದಲೇ ಅದರ ಕುಂದನ್ನೆಲ್ಲ ತಾವೇ ಒಂದೊಂದಾಗಿ ತೋರಿಸಿದರು. ನಾನು ಹಿಂದೆ ನೋಡಿದಾಗ ಇಪ್ಪತ್ತು ಸಾವಿರ ಫೋಟೋ ತೆಗೆದಿದ್ದ ಯಂತ್ರ, ಈಗ ಒಂದು ಲಕ್ಷ ನಲವತ್ತು ಸಾವಿರ ದಾಟಿದೆ. ಶಟರ್ ಆಗಾಗ ಸಿಕ್ಕಿಕೊಳ್ಳುತ್ತದೆ. ಬ್ಯಾಟರಿ ಅರ್ಧ ತಾಸಿಗೆ ಇಳಿಯುತ್ತದೆ. ಹಿಂದಿನ ಪರದೆಯ ಮೇಲೆ ಗೀರುಗಳಿವೆ. "ಖರೇ ಹೇಳತೇನ್ರಿ, ಇದಕ್ಕ ವಯಸ್ಸಾಗೇತಿ. ವರ್ಷ ಬಾಳಬಹುದು, ನಾಳಿಗೇ ನಿಲ್ಲಬಹುದು. ಹೇಳಿ ಮಾರತೇನಿ, ಮುಚ್ಚಿ ಮಾರಾಂಗಿಲ್ಲ."

ನೋಡು, ಆಗ ನಾನು ಹೇಳಿದ ಮಾತು ಈಗ ನಿಜವಾಗಿದೆ. ಯಂತ್ರದ ವಿಷಯ ಅಂಗಡಿಯವನಾದ ನನಗೇನು ಗೊತ್ತು? ಆವತ್ತು ನನ್ನ ಕಣ್ಣು ಮೋಸ ಹೋಗಿರಬೇಕು.

ಹೊರಗೆ ಬಂದು ಸಿದ್ದಾರೂಢ ಅವರಿಗೆ ಫೋನ್ ಹಚ್ಚಿದೆ. "ಹ್ಯಾಂಗೈತ್ರಿ ಅಣ್ಣಾರ? ನೀವು ತಗೋ ಅಂದ್ರ ತಗೋತೇನಿ, ಬ್ಯಾಡ ಅಂದ್ರ ಬಿಡತೇನಿ" ಎಂದರು. ಬೇಡ ಎಂದರೆ ಅದು ನಿಜ. ಆದರೆ ಅದೇ ನಿಜವನ್ನು ಅದೇ ಕ್ಯಾಮೆರಾದ ಮೇಲೆ ಎರಡನೆಯ ಸಲ ಹೇಳುವ ಬಾಯಿ ನನಗಿಲ್ಲ. ತಗೋ ಎಂದರೆ, ಕೆಟ್ಟುಹೋದದ್ದನ್ನು ಕೊಡಿಸಿ ಒಳ್ಳೆಯವನಾದಂತೆ. ಮನೆಗೆ ಹೋಗಿ ತಿಳಿಸುತ್ತೇನೆಂದು ಫೋನ್ ಇಟ್ಟೆ. ಮತ್ತೆ ಒಳಗೆ ಹೋಗಿ ಫಕ್ರುಸಾಬರಿಗೆ, "ಆಕೀನ ಬಂದು ನೋಡಲ್ರಿ" ಎಂದೆ.

"ಅದ ಖರೇ ರೀತಿ. ಕೈಯಾಗ ಹಿಡಿಯಾಕಿ ಆಕಿ" ಎಂದರು ಅವರು. "ದಸರಾ ಮುಗಿಯೂತನಕ ಯಾರಿಗೂ ಕೊಡೂದಿಲ್ಲ. ಇದು ಬ್ಯಾಡಾದ್ರ ಇನ್ನೊಂದು ಚಲೋದು ಎಲ್ಲಿ ಸಿಗತೈತಿ ಅಂತ ಹೇಳತೇನಿ. ಕಳಿಸಿಕೊಡ್ರಿ."

ಆದ್ದರಿಂದ ಈ ಸಲ ನಾನು ಬೇಕು, ಬೇಡ ಏನೂ ಹೇಳುವುದಿಲ್ಲ. ದಸರೆಯ ರಜೆಯಲ್ಲಿ ನೀನೇ ಬಾ. ಸಿದ್ದಾರೂಢ ಅವರನ್ನೂ ಕರೆದುಕೊಂಡು ಬಾ.

ಅವ್ವ ನಿಮ್ಮಿಬ್ಬರಿಗೂ ಆಶೀರ್ವಾದ ಹೇಳಿದ್ದಾಳೆ. ಶಾಲೆಗೆ ಹೋಗುವ ಅವಸರದಲ್ಲಿ ಊಟ ಬಿಡಬೇಡವೆಂದಿದ್ದಾಳೆ. ನಿನ್ನ ಕೈ ಹಿಡಿದದ್ದೆಲ್ಲ ನಿನಗೆ ದಕ್ಕಲಿ ಎಂಬುದೇ ನನ್ನ ಹಾರೈಕೆ.

ನಿನ್ನ ಅಣ್ಣ
ಗುರುಪಾದ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು. ಹರಿದು ಮತ್ತೆ ಬರೆಯುತ್ತಿದ್ದೇನೆ. ಮೇಲೆ "ನನ್ನ ಕಣ್ಣು ಮೋಸ ಹೋಗಿರಬೇಕು" ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಆವತ್ತು ಆ ಲೆನ್ಸಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಫಕ್ರುಸಾಬರು ಕ್ಯಾಮೆರಾ ಕೈಗೆ ಕೊಟ್ಟು, ನೋಡ್ರಿ ಎಂದರು. ಕಣ್ಣಿಗೆ ಹಚ್ಚಿದೆ. ಗುಡ್ಡದ ಮೇಲೆ ಒಂದು ಆಡು ನಿಂತಿತ್ತು. ಒತ್ತಿದೆ. ಪರದೆಯ ಮೇಲೆ ಅದರ ಗಡ್ಡದ ಕೂದಲು ಸಹಿತ ಬಂತು. ನನಗಾದ ಸಂತೋಷ ಹೇಳತೀರದು. ಫಂಗಸ್ ಎಂಬ ಶಬ್ದ ಕಲಿತದ್ದೂ ಅವರಿಂದಲೇ, ಇದಕ್ಕೆ ಅದೊಂದು ಹತ್ತಿಲ್ಲ ನೋಡ್ರಿ ಎಂದು ಅವರು ಹೇಳಿದಾಗ.

ಅಪ್ಪ ತೀರಿಕೊಂಡಾಗ ನಾನು ಗದಗಿನ ಚಿತ್ರಕಲಾ ಶಾಲೆಯ ಅರ್ಜಿ ತುಂಬಿ ಇಟ್ಟಿದ್ದೆ. ಇದು ಅವ್ವನಿಗೂ ಗೊತ್ತಿಲ್ಲ. ಹದಿನೆಂಟಕ್ಕೆ ಅಂಗಡಿಯ ಗಾದಿಯ ಮೇಲೆ ಕೂತವನು ಆ ಮಾತನ್ನೇ ತೆಗೆಯಲಿಲ್ಲ. ನಿನ್ನ ಫೋಟೋ ಬಂದ ಮೇಲೆ ಗಿರಾಕಿಗಳು, "ನೀವು ಮಹೇಶ್ವರಿ ಅವರ ಅಣ್ಣಾರೇನ್ರಿ?" ಎಂದು ಕೇಳತೊಡಗಿದ್ದರು. ಗಜೇಂದ್ರಗಡದಿಂದ ಮರಳುವಾಗ ಬಸ್ಸಿನಲ್ಲಿ ಒಂದೇ ಯೋಚನೆ: ನನಗಾಗಿ ಯಾರೂ ಹೀಗೆ ಬಸ್ಸು ಹತ್ತಿರಲಿಲ್ಲ. ನರಗುಂದದಲ್ಲಿ ಇಳಿಯುವ ಹೊತ್ತಿಗೆ ನಿನಗೂ ಅದು ಸಿಗಬಾರದೆಂದು ನಿಶ್ಚಯಿಸಿದ್ದೆ. ಹೊಟ್ಟೆಕಿಚ್ಚು, ತಂಗಿ. ಬೇರೆ ಹೆಸರಿಲ್ಲ ಅದಕ್ಕೆ. ನೀನು ಚಹಾ ತಂದುಕೊಟ್ಟೆ, ಕುಡಿದೆ.

ನೀನು ನೇರ ಗಜೇಂದ್ರಗಡಕ್ಕೇ ಹೋಗು, ನಾನು ಜೊತೆಗೆ ಬರುವುದಿಲ್ಲ. ಅಲ್ಲಿಂದ ನರಗುಂದಕ್ಕೆ ಬರುವುದು ಬಿಡುವುದು ನಿನ್ನ ಇಷ್ಟ. ಅವ್ವನನ್ನು ನೋಡಬೇಕೆನಿಸಿ ಬಂದರೆ, ನೀನು ಕರೆಯುವವರೆಗೂ ನಾನು ಮನೆಗೆ ಬರದೆ ಅಂಗಡಿಯಲ್ಲೇ ಇರುತ್ತೇನೆ.